ಡಿಎನ್‌ಸಿಬಿ ಮತ್ತು ಎಚ್‌ಐವಿ: ಹಳೆಯ ಸಂಶೋಧನಾ ವರದಿಗಳನ್ನು ಓದುವ ಕ್ರಮ

ಏಡ್ಸ್‌ಗೆ ಸರಿಯಾದ ಔಷಧವಿಲ್ಲದಿದ್ದ 1980ರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಕೆಲವು ರೋಗಿಗಳು ಡೈನೈಟ್ರೋಕ್ಲೋರೋಬೆಂಜೀನ್, ಅಂದರೆ ಡಿಎನ್‌ಸಿಬಿ, ಎಂಬ ರಾಸಾಯನಿಕವನ್ನು ರೋಗನಿರೋಧಕ ಶಕ್ತಿ ಚುರುಕಾದೀತೆಂಬ ನಿರೀಕ್ಷೆಯಿಂದ ಚರ್ಮಕ್ಕೆ ಹಚ್ಚಿಕೊಳ್ಳುತ್ತಿದ್ದರು. ಆ ಕುರಿತ ವರದಿಗಳನ್ನು ಓದುವವರು ಮೊದಲು ಚರ್ಮದಲ್ಲಿ ನಡೆಯುವುದನ್ನು ತಿಳಿದಿರಬೇಕು.

ಈ ಅಣು ಚರ್ಮದ ಪ್ರೋಟೀನಿಗೆ ಅಂಟಿಕೊಂಡ ಮೇಲಷ್ಟೇ ರೋಗನಿರೋಧಕ ವ್ಯವಸ್ಥೆಯ ಗಮನಕ್ಕೆ ಬರುತ್ತದೆ. ಆಗ ಚರ್ಮದ ಕಾವಲು ಕೋಶಗಳಾದ ಲ್ಯಾಂಗರ್‌ಹಾನ್ಸ್ ಕೋಶಗಳು ಅದನ್ನು ದುಗ್ಧಗ್ರಂಥಿಗೆ ಒಯ್ದು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳನ್ನು ಸಜ್ಜುಗೊಳಿಸುತ್ತವೆ. ಕೆಲವು ವಾರಗಳ ನಂತರ ಅಸಿಟೋನ್‌ನಲ್ಲಿ ಕರಗಿಸಿದ ತೆಳು ದ್ರಾವಣದ ಹನಿಯೊಂದನ್ನು ತೋಳಿಗೆ ಹಚ್ಚಿದರೆ ತಕ್ಷಣ ಏನೂ ಕಾಣದು. 48ರಿಂದ 72 ಗಂಟೆಗಳೊಳಗೆ ಆ ಜಾಗ ಕೆಂಪೇರಿ, ಗಟ್ಟಿಯಾಗಿ, ತುರಿಕೆಯೊಡನೆ ಒಮ್ಮೊಮ್ಮೆ ನೀರುಗುಳ್ಳೆಯೂ ಏಳುತ್ತದೆ. ಸರಳ ರಾಸಾಯನಿಕಗಳಿಗೆ ಬರುವ ಇಂಥ ಪ್ರತಿಕ್ರಿಯೆಯನ್ನು ಕೋಶಗಳೇ ಹೊತ್ತಿರುತ್ತವೆ ಎಂಬುದನ್ನು ವಿಜ್ಞಾನಿಗಳಾದ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ 1942ರಲ್ಲಿ ಗಿನಿಯಿಲಿಗಳಲ್ಲಿ ತೋರಿಸಿದ್ದರು.

ವರದಿಯನ್ನು ಕೈಗೆತ್ತಿಕೊಂಡಾಗ, ಅಲ್ಲಿ ಅಳೆದದ್ದು ಚರ್ಮದ ಪ್ರತಿಕ್ರಿಯೆಯನ್ನೇ, ಸಿಡಿ8 ಕೋಶಗಳ (ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳ) ಸಂಖ್ಯೆಯನ್ನೇ, ರಕ್ತದಲ್ಲಿನ ವೈರಸ್ ಪ್ರಮಾಣವನ್ನೇ ಅಥವಾ ರೋಗಿಯ ಆಯುಷ್ಯವನ್ನೇ ಎಂದು ಗುರುತು ಹಾಕಿಕೊಳ್ಳಿ. ಮೊದಲೆರಡನ್ನು ಅಳೆದು ಕೊನೆಯೆರಡರ ಬಗ್ಗೆ ತೀರ್ಪು ಕೊಡುವ ವಾಕ್ಯ ಕಂಡರೆ ಅಲ್ಲೇ ನಿಲ್ಲಿ. ಡಿಎನ್‌ಸಿಬಿಗೆ ಪ್ರತಿಕ್ರಿಯಿಸದ ಕ್ಯಾನ್ಸರ್ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು 1970ರ ಸುಮಾರಿಗೇ ಗಮನಿಸಲಾಗಿತ್ತು. ಅಂದರೆ ಚರ್ಮ ಕೆಂಪಾಗುವುದು ಇನ್ನೂ ಉಳಿದಿರುವ ರೋಗನಿರೋಧಕ ಶಕ್ತಿಯ ಗುರುತು. ಚೆನ್ನಾಗಿ ಪ್ರತಿಕ್ರಿಯಿಸಿದ ಎಚ್‌ಐವಿ ಸೋಂಕಿತರು ಹೆಚ್ಚು ಕಾಲ ಬದುಕಿದರೆ, ಅದರ ಶ್ರೇಯಸ್ಸು ರಾಸಾಯನಿಕಕ್ಕೆ ಸಲ್ಲಬೇಕಾಗಿಲ್ಲ.

ಆದ್ದರಿಂದ ಹೋಲಿಕೆಯ ಗುಂಪನ್ನು ಹುಡುಕಿ. ತಾವಾಗಿ ಚಿಕಿತ್ಸೆಗೆ ಮುಂದಾಗಿ, ತಪ್ಪದೆ ಹಚ್ಚಿಕೊಂಡವರನ್ನು ಮಧ್ಯದಲ್ಲೇ ಬಿಟ್ಟವರೊಂದಿಗೆ ಹೋಲಿಸಿದ್ದರೆ ಆ ಹೋಲಿಕೆ ದುರ್ಬಲವಾದದ್ದು, ಏಕೆಂದರೆ ಬಿಟ್ಟವರಲ್ಲಿ ಹಲವರು ಹೆಚ್ಚು ಅಸ್ವಸ್ಥರಾಗಿದ್ದಿರಬಹುದು. 1987ರಲ್ಲಿ ಅಮೆರಿಕದಲ್ಲಿ ಮಂಜೂರಾದ ಎಜೆಡ್‌ಟಿ ಎಂಬ ಎಚ್‌ಐವಿ ಔಷಧವನ್ನು ಯಾರು ಸೇವಿಸುತ್ತಿದ್ದರು ಎಂಬುದನ್ನೂ ನೋಡಿ.

ಡಿಎನ್‌ಸಿಬಿ ಹಚ್ಚಿ ನರುಲಿ ವಾಸಿಮಾಡಿದ ಉದಾಹರಣೆಯನ್ನು ಎಳೆದು ತಂದಿದ್ದರೆ ವಿಶೇಷ ಎಚ್ಚರ ಬೇಕು. ಅಲ್ಲಿ ವೈರಸ್ ಚರ್ಮದಲ್ಲೇ ಇರುವುದರಿಂದ, ಉರಿಯೂತವನ್ನು ಅದರ ಮೇಲೆಯೇ ಎಬ್ಬಿಸಬಹುದು. ಆದರೆ ಎಚ್‌ಐವಿ, ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಸಿಡಿ4 ಟಿ ಕೋಶಗಳ ಒಳಗೇ ಬೆಳೆಯುತ್ತದೆ, ಅದೂ ಚುರುಕುಗೊಂಡ ಕೋಶಗಳಲ್ಲಿ ಹೆಚ್ಚು ಸುಲಭವಾಗಿ. ಹೀಗಿರುವಾಗ ಪ್ರಚೋದನೆಯೆಲ್ಲ ಲಾಭವೆಂದು ಭಾವಿಸಲಾಗದು.

ಕೊನೆಗೆ ಸುರಕ್ಷತೆಯ ಭಾಗವನ್ನು ಓದಿ. ಬ್ಯಾಕ್ಟೀರಿಯಾಗಳ ಮೇಲೆ ನಡೆಸುವ ಏಮ್ಸ್ ಪರೀಕ್ಷೆಯಲ್ಲಿ ಡಿಎನ್‌ಸಿಬಿ ಆನುವಂಶಿಕ ರೂಪಾಂತರಕಾರಿ, ಅಂದರೆ ಡಿಎನ್‌ಎಯನ್ನು ಬದಲಿಸಬಲ್ಲದ್ದು, ಎಂದು ಕಂಡುಬಂದದ್ದರಿಂದ ಚರ್ಮವೈದ್ಯರು ಡೈಫೆನ್‌ಸಿಪ್ರೋನ್ ಎಂಬ ಬದಲಿ ರಾಸಾಯನಿಕದತ್ತ ವಾಲಿದರು. ಇಂದು ಎಚ್‌ಐವಿಗೆ ಎಆರ್‌ಟಿ (ವೈರಸ್ ಬೆಳವಣಿಗೆಯನ್ನು ತಡೆಯುವ ಔಷಧ ಚಿಕಿತ್ಸೆ) ಪಡೆಯುತ್ತಿರುವವರು ಇಂಥ ವರದಿಯನ್ನು ನಂಬಿ ಮಾತ್ರೆ ನಿಲ್ಲಿಸಕೂಡದು. ಸಂದೇಹವಿದ್ದರೆ ವರದಿಯ ಪ್ರತಿಯನ್ನು ಎಆರ್‌ಟಿ ಕೇಂದ್ರದ ವೈದ್ಯರಿಗೇ ತೋರಿಸಬೇಕು.