ಚುಕ್ಕೆ ಮಾಯವಾದ ಮೇಲೂ ಹೀಟರ್ ತೆಗೆಯಬೇಡಿ

"ಅಪ್ಪಾ, ಕರಿ ಮಾಲಿ ಮೀನಿನ ಮೇಲೆ ಯಾರೋ ಉಪ್ಪು ಉದುರಿಸಿದ್ದಾರೆ ನೋಡು" ಅಂತ ಮಗಳು ಕೂಗಿದಾಗ ನಾನು ಹುಳುವಿಗೆ ಸೊಪ್ಪು ಹಾಕಿ ಆಗಷ್ಟೇ ಒಳಗೆ ಬಂದಿದ್ದೆ. ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ನಮ್ಮ ಕಸುಬು. ಮೀನು ಸಾಕೋದು ನನ್ನ ಪ್ರೀತಿ.

ಟಾರ್ಚ್ ಹಿಡಿದು ನೋಡಿದೆ. ಕಪ್ಪು ಮೈ ಮೇಲೆ ಬಿಳಿ ಚುಕ್ಕೆ, ಒಂದೊಂದೂ ರವೆ ಕಾಳಿನಷ್ಟು. ಬಾಲದಲ್ಲಿ ಜಾಸ್ತಿ. ಮೀನು ಪಕ್ಕಕ್ಕೆ ವಾಲಿ ಕಲ್ಲಿಗೆ ಮೈ ಉಜ್ಜುತ್ತಿತ್ತು. ಏಂಜೆಲ್ ಮೀನು ಮೂಲೆ ಸೇರಿ ಕಿವಿರು ಬೇಗ ಬೇಗ ಆಡಿಸುತ್ತಿತ್ತು. ಮೈಮೇಲೆ ಚುಕ್ಕೆ ಕಾಣದಿದ್ದರೂ ಕಿವಿರೊಳಗೆ ರೋಗ ಇರಬಹುದು. ಉಸಿರಾಟ ನೋಡಿಯೇ ತಿಳಿಯಬೇಕು.

ಇದು ಬಿಳಿ ಚುಕ್ಕೆ ರೋಗ. ಮೀನು ಸಾಕುವವರು 'ಇಕ್' ಅನ್ನುತ್ತಾರೆ. ಇಕ್ತಿಯೋಫ್ತಿರಿಯಸ್ ಅನ್ನೋ ಒಂದೇ ಕೋಶದ ಜೀವಿಯ ಕೆಲಸ. ಬಂದದ್ದು ನನ್ನಿಂದಲೇ. ನಾಲ್ಕು ದಿನದ ಹಿಂದೆ ಬೆಂಗಳೂರಿನಿಂದ ಎರಡು ಮಾಲಿ ತಂದಿದ್ದೆ. ಚಳಿಯಲ್ಲಿ ಬಸ್ಸಿನಲ್ಲಿ ಕವರ್ ಹಿಡಿದು ಬಂದು, ಅವನ್ನ ನೇರವಾಗಿ ದೊಡ್ಡ ಟ್ಯಾಂಕಿಗೇ ಬಿಟ್ಟಿದ್ದೆ. ಆ ದಿನಗಳಲ್ಲಿ ಬೆಳಗಿನ ಹೊತ್ತು ಟ್ಯಾಂಕಿನ ನೀರು 21 ಡಿಗ್ರಿ ಇರುತ್ತಿತ್ತು. ಚಳಿ ಬಿದ್ದ ಮೀನಿಗೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ಮೊದಲ ಸಲ ಹೀಟರ್ ಹಾಕಿ 29ಕ್ಕೆ ಏರಿಸಿದೆ. ಐದನೇ ದಿನಕ್ಕೆ ಒಂದು ಚುಕ್ಕೆಯೂ ಇಲ್ಲ. ಎಷ್ಟು ಖುಷಿಯಾಯಿತು! ಮಾರನೇ ದಿನವೇ ಹೀಟರ್ ತೆಗೆದುಬಿಟ್ಟೆ. ಒಂಬತ್ತು ದಿನಕ್ಕೆ ಚುಕ್ಕೆ ಮತ್ತೆ ಬಂತು, ಮೊದಲಿನ ಎರಡರಷ್ಟು. ಆರು ಮಾಲಿಯಲ್ಲಿ ಮೂರು ಹೋದವು. ಎರಡು ಏಂಜೆಲ್‌ನಲ್ಲಿ ಒಂದು ಹೋಯಿತು. ಅದನ್ನ ನಾಣ್ಯದಷ್ಟಿದ್ದಾಗ ತಂದು ಅಂಗೈ ಅಗಲ ಬೆಳೆಸಿದ್ದೆ.

ನಾನು ತಿಳಿಯದೇ ಹೋದದ್ದು ಇದು. ಚುಕ್ಕೆ ಮಾಯವಾಯಿತು ಅಂದರೆ ರೋಗ ಸತ್ತಿತು ಅಂತಲ್ಲ, ಮೀನಿನ ಮೈಯಿಂದ ಕೆಳಗೆ ಬಿತ್ತು ಅಂತ. ಮೈಮೇಲಿರುವಾಗ ಅದು ಚರ್ಮದ ಅಡಿ ಕೂತಿರುತ್ತದೆ. ಉಪ್ಪೂ ಔಷಧಿಯೂ ಅಲ್ಲಿಗೆ ತಲುಪೋದಿಲ್ಲ. ಬಲಿತ ಮೇಲೆ ಉದುರಿ, ತಳದ ಕಲ್ಲಿಗೆ ಅಂಟಿ, ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಳಗೇ ಸೀಳಿ ಸೀಳಿ ನೂರಾರು ಮರಿ ಆಗುತ್ತವೆ. ಗೂಡು ಒಡೆದು ಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತದೆ. ಹೀಗೆ ಬರಿಮೈಯಲ್ಲಿ ಈಜುವಾಗ ಮಾತ್ರ ಅದನ್ನ ಹೊಡೆಯಬಹುದು. ತಣ್ಣನೆ ನೀರಿನಲ್ಲಿ ಈ ಸುತ್ತು ವಾರಗಟ್ಟಲೆ ಎಳೆಯುತ್ತದೆ. ನೀರು ಬೆಚ್ಚಗಿದ್ದರೆ ಕೆಲವೇ ದಿನದಲ್ಲಿ ಮುಗಿಯುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ವಂಶ ಬೆಳೆಸೋದೇ ಕಷ್ಟ. ಆ ಶಾಖ ತಡೆದುಕೊಳ್ಳುವ ತಳಿಗಳೂ ಇವೆ, ಹಾಗಾಗಿ ಶಾಖದ ಜೊತೆ ನಾನು ಉಪ್ಪನ್ನೂ ಸೇರಿಸುತ್ತೇನೆ.

ಎರಡನೇ ಸಲ ಮಾಡಿದ್ದನ್ನ ಬಿಡಿಸಿ ಹೇಳುತ್ತೇನೆ. ನನ್ನ ಟ್ಯಾಂಕ್ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಕಲ್ಲು ಕಳೆದರೆ ಸುಮಾರು 50 ಲೀಟರ್ ನೀರು. ಹೀಟರ್ 100 ವ್ಯಾಟ್‌ದು. ಎರಡು ಮೂರು ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಸಲಿಲ್ಲ. 28ರವರೆಗೆ ಸಲೀಸಾಗಿ ಬಂತು, ಆಮೇಲೆ ರಾತ್ರಿ ಹೊತ್ತು ಅಲ್ಲೇ ನಿಂತುಬಿಟ್ಟಿತು. ಹೊರಗಿನ ಚಳಿ ಗಾಜಿನ ಮೂಲಕ ಶಾಖ ಎಳೆಯುತ್ತಿತ್ತು. ಟಿವಿ ಡಬ್ಬದಲ್ಲಿದ್ದ ಥರ್ಮೋಕೋಲ್ ಹಾಳೆ ಕತ್ತರಿಸಿ ಹಿಂಬದಿಗೆ, ಎರಡು ಪಕ್ಕಕ್ಕೆ ಅಂಟಿಸಿದೆ. ಮಾರನೇ ಬೆಳಿಗ್ಗೆ 30. ಹೀಟರ್ ಮೇಲಿನ ಗುರುತನ್ನ ನಾನು ನಂಬೋದಿಲ್ಲ, ಹುಳು ಮನೆಯ ಥರ್ಮಾಮೀಟರ್ ತಂದು ಬೇರೆ ಇಟ್ಟು ನೋಡುತ್ತೇನೆ. ಚಾಕಿ ಹುಳುವಿಗೆ (ಎಳೆ ಹುಳುವಿಗೆ) 27-28, ದೊಡ್ಡ ಹುಳುವಿಗೆ 24-25 ಅಂತ ದಿನಾ ಅಳೆದು ರೂಢಿಯಾದ ಕೈ ಇದು.

ಇಲ್ಲಿ ಮೀನು ಸಾಯೋದು ಶಾಖಕ್ಕಿಂತ ಹೆಚ್ಚಾಗಿ ಉಸಿರು ಕಟ್ಟಿ. ಬಿಸಿ ನೀರು ಗಾಳಿ ಹಿಡಿದಿಡೋದಿಲ್ಲ. 21 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30ರಲ್ಲಿ ಏಳೂವರೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗೋದು ಜಾಸ್ತಿ, ಕಿವಿರಿಗೆ ಬೇರೆ ಗಾಯ. ಹಾಗಾಗಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಎರಡು ಹಾಕಿದೆ. ಫಿಲ್ಟರ್ ನೀರು ಮೇಲಿಂದ ಬೀಳುವ ಹಾಗೆ ತಿರುಗಿಸಿದೆ. ನಮ್ಮಲ್ಲಿ ಕರೆಂಟ್ ಹೋಗೋದು ಮಾಮೂಲಿ. ಅದಕ್ಕೆ ಅಂತಲೇ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡೆ. ಎರಡು ಗಂಟೆ ಕರೆಂಟ್ ಹೋದರೆ ಶಾಖ ಸ್ವಲ್ಪ ಇಳಿಯಬಹುದು, ಅದನ್ನ ಮೀನು ತಡೆಯುತ್ತದೆ. ಗಾಳಿ ನಿಂತರೆ ತಡೆಯೋದಿಲ್ಲ.

ಉಪ್ಪು ಲೀಟರಿಗೆ 2 ಗ್ರಾಂ ಲೆಕ್ಕ, ಒಟ್ಟು 100 ಗ್ರಾಂ. ಕಲ್ಲುಪ್ಪನ್ನ ಚೊಂಬು ನೀರಲ್ಲಿ ಕರಗಿಸಿ ಮೂರು ಕಂತಿನಲ್ಲಿ ಹಾಕಿದೆ. ಮಾಲಿಗೆ ಉಪ್ಪು ಒಗ್ಗುತ್ತದೆ, ಏಂಜೆಲ್ ಇಷ್ಟನ್ನ ತಾಳುತ್ತದೆ. ಲೋಚ್ ತರಹ ಚಿಪ್ಪು ತೀರಾ ಸಣ್ಣದಿರುವ ಮೀನಿದ್ದರೆ ಅರ್ಧವೇ ಸಾಕು.

ದಿನ ಬಿಟ್ಟು ದಿನ ತಳದ ಕಲ್ಲಿನ ಮಧ್ಯೆ ಪೈಪ್ ಆಡಿಸಿ ಕಸ ಎಳೆದೆ. ಗೂಡು ಕಟ್ಟಿ ಕೂತಿರೋದು ಅಲ್ಲೇ ಅಲ್ವಾ. ಒಂದು ಬೆಳೆ ಹುಳು ಆದ ಮೇಲೆ ಮನೆ ತೊಳೆಯದೆ ಯಾರಾದರೂ ಮುಂದಿನ ಚಾಕಿ ತರುತ್ತಾರಾ? ಪೈಪ್ ಹಾಕುವ ಮುಂಚೆ ಹೀಟರ್ ಪ್ಲಗ್ ಕಿತ್ತು ಕಾಲು ಗಂಟೆ ಕಾಯಲೇಬೇಕು. ಕಾದ ಗಾಜು ನೀರಿನಿಂದ ಹೊರಗೆ ಬಂದರೆ ಒಡೆಯುತ್ತದೆ. ಕರೆಂಟಿನ ಭಯವಂತೂ ಇದ್ದೇ ಇದೆ. ತೆಗೆದಷ್ಟು ನೀರಿಗೆ ಬೋರ್‌ವೆಲ್ ನೀರನ್ನ ರಾತ್ರಿಯೆಲ್ಲ ಗಾಳಿಗೆ ಬಿಟ್ಟು, ಲೆಕ್ಕದ ಉಪ್ಪು ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ 30ಕ್ಕೆ ಬೆರೆಸಿ ಹಾಕಿದೆ. ಅಮ್ಮ ತಾಮ್ರದ ಹಂಡೆಯಿಂದ ಬಿಸಿನೀರು ಮೊಗೆದು ತಂದಿದ್ದರು. ಬೇಡಮ್ಮಾ ಅಂದೆ. ತಾಮ್ರ ಮೀನಿಗೆ ವಿಷ.

ಮೇವು ದಿನಕ್ಕೊಂದು ಚಿಟಿಕೆ ಮಾತ್ರ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ನಾವು ಸೊಪ್ಪು ನಿಲ್ಲಿಸುತ್ತೇವಲ್ಲ, ಹಾಗೆ.

ಎರಡನೇ ಮೂರನೇ ದಿನ ಚುಕ್ಕೆ ಹೆಚ್ಚಾದವು. ಅದು ನೋಡಿ ಕೈ ಬಿಡಬಾರದು. ಒಳಗಿದ್ದವು ಬೇಗ ಬಲಿಯುತ್ತಿವೆ ಅಷ್ಟೇ. ಕೊನೆಯ ಚುಕ್ಕೆ ಆರನೇ ದಿನ ಕಂಡಿತು, ಏಂಜೆಲ್‌ನ ಉದ್ದ ರೆಕ್ಕೆಯ ತುದಿಯಲ್ಲಿ. ಅಲ್ಲಿಂದ ಹತ್ತು ದಿನ ಎಣಿಸಿದೆ, 30 ಡಿಗ್ರಿ ಬಿಡದೆ. ಮಗಳು ಕ್ಯಾಲೆಂಡರಿನಲ್ಲಿ ದಿನಾ ಒಂದೊಂದು ಗೀಟು ಹಾಕುತ್ತಿದ್ದಳು. ಆಮೇಲೆ ದಿನಕ್ಕೊಂದು ಡಿಗ್ರಿ ಇಳಿಸಿ 25ಕ್ಕೆ ತಂದು ನಿಲ್ಲಿಸಿದೆ. ಉಳಿದಿದ್ದ ಮೂರು ಮಾಲಿ, ಒಂದು ಏಂಜೆಲ್, ನಾಲ್ಕೂ ಉಳಿದವು.

ಎಲ್ಲ ಬಿಳುಪಿಗೂ ಶಾಖ ಮದ್ದಲ್ಲ. ಹಿಂದೊಮ್ಮೆ ಗಪ್ಪಿಗಳ ಬಾಯಿ ಸುತ್ತ ಹತ್ತಿಯ ಹಾಗೆ ಬೆಳ್ಳಗೆ ಕಟ್ಟಿತ್ತು. ಇದೇ ರೋಗ ಅಂದುಕೊಂಡು ಬಿಸಿ ಮಾಡಿದೆ, ಎರಡೇ ದಿನದಲ್ಲಿ ಎಲ್ಲವೂ ಹೋದವು. ಅದು ಬ್ಯಾಕ್ಟೀರಿಯಾ ರೋಗ, ಶಾಖ ಸಿಕ್ಕರೆ ಇನ್ನೂ ಜೋರಾಗುತ್ತದೆ. ಬಿಡಿ ಬಿಡಿ ಕಾಳಿನ ಹಾಗಿದ್ದರೆ ಶಾಖ ಕೊಡಿ, ಹತ್ತಿಯ ಹಾಗಿದ್ದರೆ ಹೀಟರ್ ಮುಟ್ಟಬೇಡಿ. ಗೋಲ್ಡ್ ಫಿಷ್ ತಣ್ಣೀರಿನ ಮೀನು. ಅದನ್ನ ನಾನು 30ಕ್ಕೆ ಏರಿಸೋದಿಲ್ಲ.

ಈಗ ಹೊಸ ಮೀನು ಬಂದರೆ ಮೂರು ವಾರ ಅಡುಗೆಮನೆ ಮೂಲೆಯ ಪ್ಲಾಸ್ಟಿಕ್ ಟಬ್ಬಿನಲ್ಲೇ ವಾಸ. ಅದಕ್ಕೆ ಬೇರೆ ಮಗ್ಗು, ಬೇರೆ ಬಲೆ. ಆ ಬಲೆ ಅಪ್ಪಿತಪ್ಪಿಯೂ ದೊಡ್ಡ ಟ್ಯಾಂಕಿಗೆ ಹೋಗಬಾರದು ಅಂತ ಮಗಳು ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದಾಳೆ.