ಬ್ರೇಕ್ ದೀಪ ಸರಿಯಾಗಿ ಉರಿದರೂ ಪೆಡಲ್ ಸ್ವಿಚ್ ಕೆಟ್ಟಿರಬಹುದು

ಬ್ರೇಕ್ ಪೆಡಲಿನ ಸ್ವಿಚ್ ಸರಿಯಿದೆಯೇ ಇಲ್ಲವೇ ಎಂಬುದನ್ನು ಹೆಚ್ಚಿನವರು ಹಿಂಬದಿಯ ಕೆಂಪು ದೀಪವನ್ನು ನೋಡಿ ತೀರ್ಮಾನಿಸುತ್ತಾರೆ. ನನ್ನ ಬಳಿ ದುರಸ್ತಿಗೆ ಬಂದಿದ್ದ ಒಂದು ಕಾರಿನಲ್ಲಿ ಆ ದೀಪಗಳು ಯಾವ ಲೋಪವೂ ಇಲ್ಲದೆ ಉರಿಯುತ್ತಿದ್ದವು. ಆದರೆ ಉಬ್ಬುತಗ್ಗಿನ ರಸ್ತೆಯಲ್ಲಿ, ಕಾರಿನ ವೇಗವನ್ನು ಒಂದೇ ಸಮನೆ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ತಾನಾಗಿಯೇ ಬಿಟ್ಟುಹೋಗುತ್ತಿತ್ತು, ಎಂಜಿನ್ ಎಚ್ಚರಿಕೆ ದೀಪವೂ ಆಗಾಗ ಬರುತ್ತಿತ್ತು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ0504 ಎಂಬ ದೋಷದ ಕೋಡ್ ಸಿಕ್ಕಿತು.

ಈ ಕೋಡ್ ಸ್ವಿಚ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಸ್ವಿಚ್ಚಿನಿಂದ ಬರುವ ಎರಡು ಸಂಕೇತಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಆ ಕಾರಿನಲ್ಲಿದ್ದಂಥ ಸ್ವಿಚ್ಚಿನೊಳಗೆ ಎರಡು ಸಂಪರ್ಕಗಳಿರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ದೀಪಗಳಿಗೆ 12 ವೋಲ್ಟ್ ಕೊಡುತ್ತದೆ. ಇನ್ನೊಂದು, ಪೆಡಲ್ ಬಿಟ್ಟಿರುವಾಗ ಕೂಡಿಕೊಂಡಿದ್ದು, ಒತ್ತಿದ ಕೂಡಲೇ ಬೇರ್ಪಟ್ಟು ಎಂಜಿನ್ ಕಂಟ್ರೋಲ್ ಯೂನಿಟ್‌ಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹೋಗುವ ಸಂಕೇತವನ್ನು ಕಡಿದುಹಾಕುತ್ತದೆ. ಹೀಗಿರುವಾಗ ಎರಡನೆಯ ಸಂಪರ್ಕ ಒಂದು ಕ್ಷಣ ಬಿಟ್ಟುಕೊಂಡರೂ ಯಾರೋ ಬ್ರೇಕ್ ಒತ್ತಿದರೆಂದು ತಿಳಿದು ಯೂನಿಟ್ ಕ್ರೂಸ್ ಕಂಟ್ರೋಲನ್ನು ಬಿಡಿಸಿಬಿಡುತ್ತದೆ, ಆದರೆ ದೀಪಗಳಲ್ಲಿ ಅದರ ಸುಳಿವೇ ಸಿಗುವುದಿಲ್ಲ.

ಆದ್ದರಿಂದ ಸ್ವಿಚ್ಚನ್ನು ಬಿಚ್ಚುವ ಮೊದಲು ಸ್ಕ್ಯಾನರಿನ ಲೈವ್ ಡೇಟಾದಲ್ಲಿ (ಆ ಕ್ಷಣದ ಸಂಕೇತಗಳನ್ನು ತೋರಿಸುವ ಪರದೆಯಲ್ಲಿ) ಎರಡೂ ಸಂಕೇತಗಳನ್ನು ಗ್ರಾಫ್ ರೂಪದಲ್ಲಿ ಒಟ್ಟಿಗೆ ಇಟ್ಟುಕೊಂಡು, ಪೆಡಲನ್ನು ಬಹಳ ನಿಧಾನವಾಗಿ ಒತ್ತಿ ಬಿಡುತ್ತಾ ಬಂದೆ. ವೇಗವಾಗಿ ಒತ್ತಿದರೆ ಎರಡೂ ಏಕಕಾಲಕ್ಕೆ ಬದಲಾದಂತೆ ಕಾಣುತ್ತವೆ, ದೋಷ ಮರೆಯಾಗಿಬಿಡುತ್ತದೆ. ನಿಧಾನವಾಗಿ ಒತ್ತಿದಾಗಲೂ ಅವು ಸರಿಯಾಗಿಯೇ ಬದಲಾದವು; ಆದರೆ ಪೆಡಲಿನಿಂದ ಕಾಲು ತೆಗೆದು, ಅದರ ಬ್ರಾಕೆಟ್‌ಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಎರಡನೆಯ ಗೆರೆ ಮಾತ್ರ ಕ್ಷಣಕಾಲ ಕುಸಿದು ಮೇಲೇರಿತು. ರಸ್ತೆಯ ಕುಲುಕಾಟದಲ್ಲಿ ಆಗುತ್ತಿದ್ದುದು ಇದೇ.

ಇಷ್ಟರಿಂದಲೇ ಸ್ವಿಚ್ಚಿನ ಮೇಲೆ ದೋಷ ಹೊರಿಸುವುದು ನನ್ನ ದೃಷ್ಟಿಯಲ್ಲಿ ಅವಸರ, ಏಕೆಂದರೆ ಸಡಿಲವಾದ ಪಿನ್ ಅಥವಾ ಒಳಗೇ ಮುರಿದ ತಂತಿಯೂ ಇದೇ ಲಕ್ಷಣ ತೋರಿಸುತ್ತದೆ. ಕನೆಕ್ಟರ್ ಬಿಡಿಸಿ, ಎರಡನೆಯ ಸಂಪರ್ಕಕ್ಕೆ ವಿದ್ಯುತ್ ತರುವ ಪಿನ್ನಿಗೂ ಬಾಡಿ ಅರ್ತ್‌ಗೂ ನಡುವೆ 21 ವ್ಯಾಟ್‌ನ ಬಲ್ಬ್ ಜೋಡಿಸಿದೆ. ಬರೀ ಮಲ್ಟಿಮೀಟರ್ ಇಟ್ಟರೆ ಒಂದೇ ಎಳೆ ಉಳಿದ ತಂತಿಯೂ 12 ವೋಲ್ಟ್ ತೋರಿಸಬಲ್ಲದು. ಬಲ್ಬಿನ ಹೊರೆ ಬಿದ್ದಾಗಲೇ ಅದರ ನಿಜಸ್ಥಿತಿ ತಿಳಿಯುವುದು. ಬಲ್ಬ್ ಪೂರ್ತಿ ಬೆಳಗಿತು, ತಂತಿಕಟ್ಟನ್ನು ಅಲುಗಾಡಿಸಿದರೂ ಮಂಕಾಗಲಿಲ್ಲ. ಕನೆಕ್ಟರನ್ನು ಮತ್ತೆ ಕೂಡಿಸಿ, ಸಂಕೇತದ ತಂತಿಯನ್ನು ಯೂನಿಟ್‌ವರೆಗೂ ಅಲ್ಲಲ್ಲಿ ಅಲುಗಾಡಿಸಿದಾಗಲೂ ಗ್ರಾಫಿನ ಗೆರೆ ಕದಲಲಿಲ್ಲ.

ಪೆಡಲಿನ ತೋಳು ಸ್ವಿಚ್ಚಿನ ಕಡ್ಡಿಯನ್ನು ತಾಗುವ ಜಾಗದಲ್ಲಿರುವ ಚಿಕ್ಕ ರಬ್ಬರ್ ಬಿಲ್ಲೆಯನ್ನೂ ನೋಡಿದೆ. ಪೆಡಲ್ ಬಿಟ್ಟಿರುವಾಗ ತೋಳು ಈ ಬಿಲ್ಲೆಯ ಮೂಲಕ ಕಡ್ಡಿಯನ್ನು ಒಳಕ್ಕೆ ಒತ್ತಿಹಿಡಿದಿರುತ್ತದೆ. ಅದು ಪುಡಿಯಾಗಿ ಉದುರಿದ್ದರೆ ಕಡ್ಡಿ ಹೊರಚಾಚಿಯೇ ಇದ್ದು, ಸ್ವಿಚ್ ಚೆನ್ನಾಗಿದ್ದರೂ ದೀಪಗಳು ಸದಾ ಉರಿಯುತ್ತವೆ. ಇಲ್ಲಿ ಬಿಲ್ಲೆ ಗಟ್ಟಿಯಾಗಿತ್ತು.

ಕೊನೆಗೆ ಸ್ವಿಚ್ಚನ್ನು ಬಿಚ್ಚಿದೆ. ಕೈಯಲ್ಲಿರುವ ಸ್ವಿಚ್ಚಿನ ಕಡ್ಡಿ ಹೊರಗೆ ಬಂದಿರುತ್ತದೆ, ಅಂದರೆ ಅದು ಪೆಡಲ್ ಒತ್ತಿದ ಸ್ಥಿತಿ ಎಂಬುದನ್ನು ನೆನಪಿಟ್ಟುಕೊಂಡು ಅಳೆಯಬೇಕು. ಕಡ್ಡಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದಾಗ ಎರಡನೆಯ ಸಂಪರ್ಕದ ರೋಧ ಒಂದು ಓಮ್‌ಗಿಂತ ಕಡಿಮೆಯಿತ್ತು. ಹಾಗೆಯೇ ಹಿಡಿದು ಸ್ವಿಚ್ಚಿನ ಮೈಗೆ ತಟ್ಟಿದಾಗ ಮೀಟರ್ ಮತ್ತೆ ಮತ್ತೆ ಸಂಪರ್ಕ ಕಡಿದದ್ದನ್ನು ತೋರಿಸಿತು. ದೋಷ ಸ್ವಿಚ್ಚಿನೊಳಗೇ ಇತ್ತು.

ಹೊಸ ಸ್ವಿಚ್ ಕೂರಿಸುವಾಗ ಆ ವಾಹನದ ಸರ್ವಿಸ್ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು. ಕೆಲವು ಸ್ವಿಚ್ಚುಗಳ ಕಡ್ಡಿ ಮೊದಲ ಸಲ ಕೂರಿಸುವಾಗಲೇ ತನ್ನ ಉದ್ದವನ್ನು ಹೊಂದಿಸಿಕೊಳ್ಳುವುದರಿಂದ, ಪೆಡಲ್ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದು ಮುಖ್ಯವಾಗುತ್ತದೆ. ಕೂರಿಸಿದ ಮೇಲೆ ಅದೇ ಗ್ರಾಫ್, ಅದೇ ತಟ್ಟುವಿಕೆಯನ್ನು ಮತ್ತೊಮ್ಮೆ ಮಾಡಿದೆ. ಗೆರೆಗಳು ಸ್ಥಿರವಾಗಿ ನಿಂತ ಮೇಲೆಯೇ ಕೋಡ್ ಅಳಿಸಿ, ದೀಪಗಳನ್ನು ಪರೀಕ್ಷಿಸಿ, ಕಾರನ್ನು ಅದೇ ಬಗೆಯ ಒರಟು ರಸ್ತೆಯಲ್ಲಿ ಓಡಿಸಿ ನೋಡಿದೆ.

ಇಂಥ ಸಂಪರ್ಕಗಳ ಬದಲು, ಪೆಡಲಿನ ಚಲನೆಯನ್ನು ಅಯಸ್ಕಾಂತದ ಮೂಲಕ ಗುರುತಿಸುವ ಹಾಲ್ ಸೆನ್ಸರ್ ಇರುವ ವಾಹನಗಳಿಗೆ ಬಲ್ಬಿನ ಪರೀಕ್ಷೆ ಮತ್ತು ಓಮ್ ಅಳತೆ ಎರಡೂ ಸಲ್ಲವು. ಅಲ್ಲಿ ಸಾಮಾನ್ಯವಾಗಿ 5 ವೋಲ್ಟ್‌ನ ಸೂಕ್ಷ್ಮ ಪೂರೈಕೆ ಇರುವುದರಿಂದ ಬಲ್ಬಿನ ಹೊರೆ ಕಂಟ್ರೋಲ್ ಯೂನಿಟ್ಟನ್ನೇ ಹಾಳುಮಾಡಬಹುದು. ಅಂಥಲ್ಲಿ ನಾನು ಪೂರೈಕೆ ಮತ್ತು ಅರ್ತ್ ಸರಿಯಿವೆಯೇ ಎಂದು ಮೀಟರಿನಲ್ಲಿ ನೋಡಿಕೊಂಡು, ಸಂಕೇತವನ್ನು ಆಸಿಲೋಸ್ಕೋಪಿನಲ್ಲೇ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸಾಧನದಲ್ಲಿ) ಗಮನಿಸುತ್ತೇನೆ.