ಎರಡೂವರೆ ಡಿಗ್ರಿಯ ಬೆಣೆ

ಕಾರು 1967ರದ್ದು. ಮುಂದೆ ನಾಲ್ಕು ಸಿಲಿಂಡರಿನ ಎಂಜಿನ್, ನಡುವೆ ಎಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಒಂದೇ ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಮೇಲೆ ಕೂತ ಆಕ್ಸಲ್. ಎರಡು ವರ್ಷ ಕೂತು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಜೋಡಿಸಿದ್ದು ನಾನೇ. ಮೊದಲ ಸಲ ಹೆದ್ದಾರಿಗೆ ಇಳಿಸಿದ ದಿನ 80 ಕಿ.ಮೀ. ವೇಗದ ತನಕ ಬೆಣ್ಣೆಯ ಹಾಗೆ ಹೋಯಿತು. 85 ದಾಟಿದ್ದೇ ತಡ, ಸೀಟಿನ ಕೆಳಗಿನಿಂದ ಗುಂಯ್ ಎನ್ನುವ ನಡುಕ ಶುರುವಾಯಿತು. 100ಕ್ಕೆ ಬರುವಷ್ಟರಲ್ಲಿ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ಆಕಾರವೇ ಕಾಣುತ್ತಿರಲಿಲ್ಲ, ಬರೀ ಕಲಸಿದ ಬಣ್ಣ. 110 ದಾಟಿಸಿದರೆ ಸ್ವಲ್ಪ ತಗ್ಗುತ್ತಿತ್ತು. ಸ್ಟೀರಿಂಗ್ ಮಾತ್ರ ಅಲುಗಾಡದೆ ಸುಮ್ಮನಿತ್ತು.

ಸ್ಟೀರಿಂಗ್ ನಡುಗದೆ ಸೀಟು, ನೆಲ ನಡುಗಿದರೆ ಮುಂದಿನ ಚಕ್ರಗಳ ಮೇಲೆ ಅನುಮಾನ ಕಡಿಮೆ, ಹಿಂದೆ ಹುಡುಕಬೇಕು. ಇದು ಗೊತ್ತಿದ್ದೂ ಎಲ್ಲರ ಹಾಗೆ ನಾನೂ ವೀಲ್ ಬ್ಯಾಲೆನ್ಸಿಂಗಿನಿಂದಲೇ ಆರಂಭಿಸಿದೆ. ಎರಡು ಸಲ ಮಾಡಿಸಿದೆ. ಹಿಂದಿನ ಟೈರುಗಳನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿದೆ. ನಡುಕ ಇದ್ದಲ್ಲೇ ಇತ್ತು.

ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ಲೆಕ್ಕಕ್ಕೆ ಕೂತೆ. ಕಾರಿನಲ್ಲಿ ತಿರುಗುವ ಪ್ರತಿಯೊಂದು ಭಾಗಕ್ಕೂ ಅದರದೇ ವೇಗವಿದೆ. ನಡುಕ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತಿದೆ ಎಂದು ತಿಳಿದರೆ ಯಾವ ಭಾಗ ಬಡಿಯುತ್ತಿದೆ ಎಂದು ಅದೇ ಹೇಳುತ್ತದೆ. ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕಾರಿನ ಭಾರ ಅದರ ಮೇಲಿರುವಾಗಲೇ ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೆದೆ: ಸರಿಯಾಗಿ 2 ಮೀಟರ್. ಹಿಂದಿನ ಚಕ್ರಗಳೆರಡನ್ನೂ ಎತ್ತಿ, ಒಟ್ಟಿಗೆ ಒಂದು ಸುತ್ತು ತಿರುಗಿಸಿದರೆ ಶಾಫ್ಟ್ 4.1 ಸುತ್ತು ತಿರುಗುತ್ತಿತ್ತು. 100 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 27.8 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು, ಶಾಫ್ಟ್ 57 ಸುತ್ತು. ಹಳೆಯ ಸ್ಪೀಡೋಮೀಟರ್ ನಂಬದೆ ವೇಗವನ್ನು ಜಿಪಿಎಸ್‌ನಲ್ಲೇ ನೋಡಿಕೊಂಡೆ.

ಫೋನಿನ ಕಂಪನ ಅಳೆಯುವ ಆ್ಯಪ್ ತೆರೆದು, ಫೋನನ್ನು ಸೀಟಿನ ಕಂಬಿಗೆ ಟೇಪಿನಲ್ಲಿ ಬಿಗಿದು 100ರಲ್ಲಿ ಓಡಿಸಿದೆ. ಗ್ರಾಫಿನಲ್ಲಿ ಸೆಕೆಂಡಿಗೆ 14ರ ಹತ್ತಿರ ಎತ್ತರದ ಮೊನೆ ಕಂಡಿತು. 14 ಎಂದರೆ ಚಕ್ರ! ಮತ್ತೆ ಚಕ್ರಗಳ ಹಿಂದೆ ಬಿದ್ದೆ. ಡ್ರಮ್‌ಗಳನ್ನು ಬಿಚ್ಚಿದೆ, ರಿಮ್‌ಗಳಿಗೆ ಸಣ್ಣ ಓರೆಯನ್ನೂ ಅಳೆಯುವ ಡಯಲ್ ಗೇಜ್ ಹಿಡಿದೆ, ಹಿಂದಿನ ಆಕ್ಸಲ್ ಶಾಫ್ಟುಗಳು ನೆಟ್ಟಗಿವೆಯೇ ಎಂದು ನೋಡಿದೆ. ಮೂರು ವಾರ ಹೋಯಿತು. ಎಲ್ಲವೂ ನೇರವಾಗಿದ್ದವು.

ಒಂದು ರಾತ್ರಿ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. 100ರಲ್ಲಿ 14ರ ಹತ್ತಿರ ಇದ್ದ ಮೊನೆ 95ರಲ್ಲಿ 8ಕ್ಕೆ ಇಳಿದಿತ್ತು, 90ರಲ್ಲಿ ಎರಡೂವರೆಗೆ. ಆ ಎರಡೂವರೆಯನ್ನು ನಾನು ರಸ್ತೆಯ ಏರಿಳಿತ ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ನಿಜವಾದ ಚಕ್ರದ ಕಂಪನವಾಗಿದ್ದರೆ 90ರಲ್ಲಿ ಹನ್ನೆರಡೂವರೆ ಇರಬೇಕು. ವೇಗ ಶೇ. 10ರಷ್ಟು ಇಳಿದಾಗ ಕಂಪನ ಐದನೇ ಒಂದು ಭಾಗಕ್ಕೆ ಇಳಿಯಲು ಸಾಧ್ಯವೇ ಇಲ್ಲ. ಕಾರಣ ಫೋನಿನಲ್ಲಿತ್ತು. ಆ ಆ್ಯಪ್ ಸೆಕೆಂಡಿಗೆ 100 ಸಲ ಮಾತ್ರ ಅಳತೆ ತೆಗೆಯುತ್ತಿತ್ತು. ಹಾಗೆ ತೆಗೆದರೆ ಸೆಕೆಂಡಿಗೆ 50ಕ್ಕಿಂತ ವೇಗದ ಕಂಪನವನ್ನು ಅದು ಸರಿಯಾಗಿ ತೋರಿಸಲಾರದು. 114ರ ಕಂಪನ ಬಂದರೆ ನೂರು ಕಳೆದು 14 ಎಂದು ತೋರಿಸುತ್ತದೆ. ಸಿನಿಮಾದಲ್ಲಿ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಫೋನಿನಲ್ಲಿ ಕಂಪನ ಅಳೆಯುವವರು ಬೇರೆ ಬೇರೆ ವೇಗಗಳಲ್ಲಿ ಕನಿಷ್ಠ ಮೂರು ಸಲ ಅಳೆಯಿರಿ. ಮೊನೆ ವೇಗದ ಜೊತೆಗೇ, ಅದೇ ಪ್ರಮಾಣದಲ್ಲಿ ಸರಿಯದಿದ್ದರೆ ನಂಬಬೇಡಿ.

ಮರುದಿನ ಅದೇ ಫೋನಿನ ಮೈಕ್ ಬಳಸಿದೆ. ಮೈಕ್ ಸೆಕೆಂಡಿಗೆ ಹತ್ತಾರು ಸಾವಿರ ಅಳತೆ ತೆಗೆಯುವುದರಿಂದ ಈ ತೊಂದರೆ ಇಲ್ಲ. 90ರಲ್ಲಿ 102, 100ರಲ್ಲಿ 114. ಎರಡು ಅಳತೆಯೂ ಶಾಫ್ಟಿನ ವೇಗದ ಸರಿಯಾಗಿ ಎರಡರಷ್ಟು.

ಇಲ್ಲಿ ಇನ್ನೊಂದು ತೊಡಕಿತ್ತು. ನಾಲ್ಕನೇ ಗೇರಿನಲ್ಲಿ ಎಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ಸಹಜವಾಗಿಯೇ ಪ್ರತಿ ಸುತ್ತಿನಲ್ಲಿ ಎರಡು ಸಲ ಬಡಿಯುತ್ತದೆ, ಒಂದು ಸುತ್ತಿನಲ್ಲಿ ಎರಡು ಸಲ ಉರಿಯುವುದರಿಂದ. ಅಂದರೆ ಎಂಜಿನ್ನನ್ನು ಹೊತ್ತ ಮೌಂಟಿಂಗ್ ರಬ್ಬರ್ ಕೆಟ್ಟಿದ್ದರೂ ಇದೇ 114 ಬರುತ್ತದೆ. ಬೇರ್ಪಡಿಸಲು 90ರಲ್ಲೇ ಇದ್ದು ಮೂರನೇ ಗೇರಿಗೆ ಹಾಕಿದೆ. ಎಂಜಿನ್ನಿನ ದನಿ 143ಕ್ಕೆ ಏರಿತು. ನಡುಕ 102ರಲ್ಲೇ ಉಳಿಯಿತು. ಎಂಜಿನ್ ತಪ್ಪಿಲ್ಲ ಎಂದು ಅಲ್ಲಿಗೆ ಖಚಿತವಾಯಿತು.

ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ದರೆ ಪ್ರತಿ ಸುತ್ತಿನಲ್ಲಿ ಒಂದು ಸಲ ಬಡಿಯುತ್ತದೆ. ಸುತ್ತಿನಲ್ಲಿ ಎರಡು ಸಲ ಎಂದರೆ ಬೊಟ್ಟು ನೇರವಾಗಿ ಯುನಿವರ್ಸಲ್ ಜಾಯಿಂಟಿನ (ಯು.ಜೆ.) ಕಡೆಗೆ, ಅಂದರೆ ಶಾಫ್ಟ್ ಬಾಗಿಯೂ ತಿರುಗಲು ಬಿಡುವ ಕೀಲಿನ ಕಡೆಗೆ. ಕೂಡು ಗುರುತಿನ ಆಕಾರದ ಕ್ರಾಸ್ ಹಾಕಿದ ಈ ಜಾಯಿಂಟ್ ಬಾಗಿದ ಕೋನದಲ್ಲಿ ತಿರುಗುವಾಗ ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಕೋನ 7 ಡಿಗ್ರಿ ಇದ್ದರೆ ವೇಗ ಶೇ. 0.75ರಷ್ಟು ಏರಿ ಅಷ್ಟೇ ಇಳಿಯುತ್ತದೆ. ಅದಕ್ಕೇ ಶಾಫ್ಟಿಗೆ ಎರಡು ತುದಿಯಲ್ಲೂ ಜಾಯಿಂಟ್. ಮುಂದಿನದು ಮಾಡಿದ ಏರುಪೇರನ್ನು ಹಿಂದಿನದು ಸರಿದೂಗಿಸಬೇಕು. ಅದಕ್ಕೆ ಎರಡು ಷರತ್ತು: ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿದ ಕವೆ, ಅಂದರೆ ಯೋಕ್, ಒಂದೇ ನೇರದಲ್ಲಿರಬೇಕು, ಎರಡೂ ಕೋನ ಸಮವಿರಬೇಕು.

ಯೋಕ್ ನೇರ ತೋರಿಸಲು ಸ್ಪ್ಲೈನ್ (ಶಾಫ್ಟ್ ಜೋಡಿಸುವ ಹಲ್ಲುಗೆರೆಗಳು) ಹತ್ತಿರ ಇರುವ ಬಾಣದ ಗುರುತುಗಳನ್ನು ಟಾರ್ಚ್ ಹಿಡಿದು ನೋಡಿದೆ, ಎದುರುಬದುರು ಸರಿಯಾಗಿದ್ದವು. ಉಳಿದದ್ದು ಕೋನ. ಇದನ್ನು ಆಕ್ಸಲ್ ಜೋತಾಡುವಾಗ ಅಳೆದರೆ ಪ್ರಯೋಜನವಿಲ್ಲ, ಭಾರವೆಲ್ಲ ಚಕ್ರಗಳ ಮೇಲಿರಬೇಕು. ನಾಲ್ಕೂ ಚಕ್ರಗಳನ್ನು ಸಮನಾದ ಎತ್ತರಕ್ಕೆ ಹತ್ತಿಸಿ, ಉರುಳದಂತೆ ಅಡ್ಡ ಕೊಟ್ಟು, ಕೆಳಗೆ ತೂರಿ ಡಿಜಿಟಲ್ ಕೋನಮಾಪಕ ಹಿಡಿದೆ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರು. ಶಾಫ್ಟ್ 5 ಡಿಗ್ರಿ ಇಳಿಜಾರು. ಮುಂದಿನ ಜಾಯಿಂಟಿನ ಕೋನ 2 ಡಿಗ್ರಿ, ಚೆನ್ನಾಗಿದೆ. ಪಿನಿಯನ್ನಿನ, ಅಂದರೆ ಶಾಫ್ಟ್ ಬಂದು ಸೇರುವ ಆಕ್ಸಲ್ಲಿನ ಗೇರಿನ, ಮೂತಿ 3 ಡಿಗ್ರಿ ಮೇಲಕ್ಕೆ ನೋಡಬೇಕಿತ್ತು. ಅದು 2 ಡಿಗ್ರಿ ಕೆಳಕ್ಕೆ ನೋಡುತ್ತಿತ್ತು. ಹಿಂದಿನ ಜಾಯಿಂಟಿನ ಕೋನ 7! ಮೂರು ಸಲ ಅಳೆದೆ.

ಆಗ ಹಿಂದಿನ ಎರಡು ಸೂಚನೆಗಳು ನೆನಪಿಗೆ ಬಂದವು. ಒಂದು, ಆ್ಯಕ್ಸಿಲರೇಟರ್ ಒತ್ತಿದರೆ ನಡುಕ ತಗ್ಗುತ್ತಿತ್ತು, ಕಾಲು ತೆಗೆದರೆ ಹೆಚ್ಚುತ್ತಿತ್ತು. ಎಂಜಿನ್ನಿನ ಎಳೆತಕ್ಕೆ ಲೀಫ್ ಸ್ಪ್ರಿಂಗ್ ತಿರುಚಿ ಪಿನಿಯನ್ ಮೂತಿ ಎತ್ತುತ್ತದೆ, ಕಾಲು ತೆಗೆದಾಗ ತಗ್ಗುತ್ತದೆ. ಇನ್ನೊಂದು, ಹಿಂದಿನ ಸೀಟಿನಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೋದ ದಿನ ಒಬ್ಬ ಕೇಳಿದ್ದ, "ಎಲ್ಲೋ ನೀನು ಹೇಳ್ತಿದ್ದ ನಡುಕ? ನಂಗೇನೂ ಗೊತ್ತೇ ಆಗ್ತಿಲ್ವಲ್ಲ." ಅವರ ಭಾರಕ್ಕೆ ಕಾರು ಕುಸಿದು ಶಾಫ್ಟಿನ ಇಳಿಜಾರು ಕಡಿಮೆಯಾಗಿತ್ತು. ಕಾರು ಉತ್ತರ ಹೇಳುತ್ತಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

5 ಡಿಗ್ರಿ ವ್ಯತ್ಯಾಸ ಎಲ್ಲಿಂದ ಬಂತು? ಸ್ಪ್ರಿಂಗಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಒಂದು ಉಕ್ಕಿನ ಬೆಣೆ ಇದೆ, ಅಂಗೈಯಷ್ಟು ಅಗಲ, ಒಂದು ಅಂಚು ದಪ್ಪ, ಇನ್ನೊಂದು ತೆಳು. ಅದರ ಇಳಿಜಾರು ಎರಡೂವರೆ ಡಿಗ್ರಿ. ನಡುವಿನ ತೂತು ಸರಿಯಾಗಿ ಮಧ್ಯದಲ್ಲಿರುವುದರಿಂದ ಹೇಗೆ ಇಟ್ಟರೂ ಸೆಂಟರ್ ಬೋಲ್ಟಿಗೆ ಕೂರುತ್ತದೆ. ತಿರುಗುಮುರುಗಾದರೆ ಎರಡೂವರೆಯ ಎರಡರಷ್ಟು ತಪ್ಪು. ಬಿಚ್ಚುವಾಗ ತೆಗೆದ ಫೋಟೋಗಳನ್ನು ಹುಡುಕಿದೆ. ಬೆಣೆಗಾಗಿ ತೆಗೆದದ್ದು ಒಂದೂ ಇರಲಿಲ್ಲ. ಬ್ರೇಕ್ ಪೈಪಿನ ಫೋಟೋ ಒಂದರ ಮೂಲೆಯಲ್ಲಿ, ಡ್ರಮ್ಮಿನ ಹಿಂದೆ, ಗ್ರೀಸು ಮಣ್ಣು ಮೆತ್ತಿದ ಸ್ಪ್ರಿಂಗ್ ಕಂಡಿತು. ದೊಡ್ಡದು ಮಾಡಿ ನೋಡಿದೆ. ಮಣ್ಣಿನ ನಡುವೆ ಒಂದು ಸಣ್ಣ ಗೆರೆ, ಮುಂದಕ್ಕೆ ಹೋದಂತೆ ದಪ್ಪವಾಗುತ್ತಿತ್ತು. ಕಾರಿನ ಕೆಳಗೆ ಹೋಗಿ ನೋಡಿದರೆ ನಾನು ಹೊಸ ಸ್ಪ್ರಿಂಗ್ ಹಾಕುವಾಗ ಕೂರಿಸಿದ ಬೆಣೆಗಳ ದಪ್ಪ ಅಂಚು ಎರಡೂ ಕಡೆ ಹಿಂದಕ್ಕಿತ್ತು, ನನ್ನದೇ ಕಪ್ಪು ಬಣ್ಣ ಹೊಳೆಯುತ್ತಿತ್ತು.

ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಜಾಕಿ ಕೊಟ್ಟು, ಒಂದೊಂದೇ ಕಡೆ ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿ ಬೆಣೆ ತಿರುಗಿಸಿದೆ. ಯು ಬೋಲ್ಟುಗಳನ್ನು ಹೊಸದಾಗಿ ಹಾಕಿದೆ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನು ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಕಾರಿನ ಭಾರ ಇಳಿಸಿದ ಮೇಲೆ ಕೊನೆಯ ಬಿಗಿ ಕೊಟ್ಟು ಮತ್ತೆ ಅಳೆದೆ: ಮುಂದೆ 2, ಹಿಂದೆ 2.

ಆ ಸಂಜೆ 85 ದಾಟುವಾಗ ಉಸಿರು ಬಿಗಿಹಿಡಿದಿದ್ದೆ. 90, 95, 100. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟ್ ಓದಲು ಬರುತ್ತಿತ್ತು.

ಗುಂಯ್‌ಗುಟ್ಟುವುದು ಹೋದ ಮೇಲೆ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸಣ್ಣ ಕಂಪನ ಕೇಳಿಸಿತು, 100ರಲ್ಲಿ 57. ಅದು ಶಾಫ್ಟಿನ ಬ್ಯಾಲೆನ್ಸ್. ಹಿಂದಿನ ತುದಿಗೆ ಒಂದು ಹೋಸ್ ಕ್ಲಿಪ್ ಬಿಗಿದು, ಅದರ ಸ್ಕ್ರೂವನ್ನು ಕಾಲು ಸುತ್ತಿನಂತೆ ನಾಲ್ಕು ಜಾಗಕ್ಕೆ ಸರಿಸಿ ಓಡಿಸಿ ನೋಡಿದೆ. ಮೂರನೇ ಜಾಗದಲ್ಲಿ ಮೊನೆ ಅರ್ಧಕ್ಕಿಂತ ಕಡಿಮೆಯಾಯಿತು. 1,000 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ಬಿಗಿದು ಕೋನ ಅಳೆದೆ. ಹೊಸ ಸ್ಪ್ರಿಂಗ್ ಸ್ವಲ್ಪ ಕೂತಿದೆ. ಈಗ ಮುಂದೆ 1.5, ಹಿಂದೆ 1.7.